ಎರಡು ಹೊತ್ತಿನ ಎಣ್ಣೆ

ಕಿವಿ ಮೇಸ್ತ್ರಿಗೆ ಅವತ್ತು ಯಾರ ಮುಖವನ್ನೂ ನೋಡುವ ಮನಸ್ಸಿರಲಿಲ್ಲ. ಮೊಣಕಾಲು ಬೆಳಗಿನಿಂದಲೇ ಹಟ ಹಿಡಿದಿತ್ತು, ಸೊಂಟ ಅದಕ್ಕೆ ತಾಳ ಹಾಕುತ್ತಿತ್ತು. ಅಂಗಡಿಯ ಷಟರನ್ನು ಅರ್ಧ ಎತ್ತಿ, ಸ್ಟೂಲಿನ ಮೇಲೆ ಕೂತು, ಟೀ ಲೋಟ ಬಾಯಿಗಿಟ್ಟಿದ್ದನಷ್ಟೇ, ಫೋನು ಬಡಿದುಕೊಂಡಿತು. ದೊಡ್ಡ ಭಾಮೈದ.

"ಭಾವ, ಜನರೇಟರ್ ಕೈ ಕೊಡ್ತು. ಬೆಳಗ್ಗೆ ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಓಡಿ, ಹೊಗೆ ಉಗುಳಿ ನಿಂತೇಹೋಯ್ತು. ಅಮ್ಮನಿಗೆ ಆಕ್ಸಿಜನ್ ಸಿಲಿಂಡರ್ ಹಾಕಿ ಸುಧಾರಿಸಿದ್ವಿ. ಎಲ್ಲಾ ಅವನಿಂದ. ಒಂದು ತೊಟ್ಟು ಎಣ್ಣೆ ಹಾಕಲ್ಲ ಅವನು."

ಟೀ ಆರುವುದರೊಳಗೆ ಮತ್ತೆ ಫೋನು. ಈ ಸಲ ಚಿಕ್ಕ ಭಾಮೈದ.

"ಭಾವ, ಜನರೇಟರ್ ಮುಗೀತು ಕತೆ. ಅವರು ಅದರ ಕಡೆ ತಿರುಗಿ ನೋಡಿದ್ರೆ ತಾನೇ? ಎಣ್ಣೆ ಹಾಕೋನು ನಾನೊಬ್ಬನೇ. ಎಷ್ಟೂಂತ ಹಾಕ್ಲಿ?"

ಜಗಳವಾಡಿದರೂ ಅಣ್ಣನನ್ನು 'ಅವರು' ಅನ್ನುವ ಮರ್ಯಾದೆಯನ್ನು ಚಿಕ್ಕವನು ಬಿಟ್ಟಿರಲಿಲ್ಲ. ಮರ್ಯಾದೆ ಇತ್ತು, ಮಾತು ಇರಲಿಲ್ಲ, ಅಷ್ಟೇ. ಇಬ್ಬರೂ ಕೊನೆಗೆ ಹೇಳಿದ್ದು ಮಾತ್ರ ಒಂದೇ: ಅದು ಇನ್ನು ಗುಜರಿಗೇ ಅಂತ ನೀವು ಒಂದು ಮಾತು ಹೇಳಿಬಿಡಿ, ಹೊಸದು ತಂದು ಕೂರಿಸ್ತೀನಿ, ಕರೆಂಟ್ ಹೋದರೆ ತಾನಾಗೇ ಸ್ಟಾರ್ಟ್ ಆಗೋದು, ಯಾರೂ ಮುಟ್ಟೋದೇ ಬೇಡ. ಒಬ್ಬ ತರುವ ಮೊದಲು ತಾನು ತರಬೇಕೆಂಬ ಆತುರ ಇಬ್ಬರ ದನಿಯಲ್ಲೂ ಇತ್ತು.

ಯಾವ ಇಂಜಿನ್ನನ್ನೇ ತಂದಿಡಿ, ಸ್ಪ್ಯಾನರ್ ಮುಟ್ಟುವ ಮೊದಲು ತಲೆ ವಾಲಿಸಿ ಕಿವಿಗೊಟ್ಟು ಕೇಳುತ್ತಾನೆಂದು ಮೇಸ್ತ್ರಿಗೆ 'ಕಿವಿ' ಎಂಬ ಆ ಹೆಸರು. ನೀರೆತ್ತುವ ಪಂಪು, ಹುಲ್ಲು ಕತ್ತರಿಸುವ ಮಷಿನ್ನು, ಜನರೇಟರು, ಹೀಗೆ ಸಣ್ಣ ಇಂಜಿನ್ನುಗಳೇ ಅವನ ಕಸುಬು. ಇಂಜಿನ್ನಿಗೆ ಏನಾಗಿದೆಯೆಂದು ಅದರ ಸದ್ದಿನಲ್ಲೇ ಹೇಳಬಲ್ಲ. ಆದರೆ ಹೆಂಡತಿಯ ತಮ್ಮಂದಿರ ಮಾತು ಕೇಳಿ ಕೇಳಿ ಆ ಕಿವಿಯೇ ತೂತು ಬಿದ್ದಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇಬ್ಬರ ನಡುವೆ ಓಡಾಡಿ ಓಡಾಡಿ ಅವನೇ ಮುರಿದಿದ್ದ.

ಆ ಮನೆಯ ಕತೆ ಹೀಗೆ. ನೆಲಮಹಡಿಯಲ್ಲಿ ತಾಯಿ. ಅದರ ಮೇಲೆ ದೊಡ್ಡವನ ಸಂಸಾರ, ಅವನು ಟೈಲರ್. ಅದಕ್ಕೂ ಮೇಲೆ ಚಿಕ್ಕವನ ಸಂಸಾರ, ಅವನು ಶಾಲೆಯ ವ್ಯಾನ್ ಓಡಿಸುತ್ತಾನೆ. ಯಾವಾಗಲೋ ಒಂದು ದಿನ ಮಹಡಿಯ ನೀರಿನ ಟ್ಯಾಂಕಿನ ವಾಲ್ವ್ ತಿರುಗಿಸಿದ್ದು ಯಾರೆಂದು ಮಾತಿಗೆ ಮಾತು ಬೆಳೆಯಿತು. ವಾಲ್ವ್ ಆಮೇಲೆ ಸರಿಹೋಯಿತು, ಮಾತು ಸರಿಹೋಗಲಿಲ್ಲ. ಚಿಕ್ಕವನು ಹಿತ್ತಲ ಕಡೆಯಿಂದ ತನ್ನದೇ ಕಬ್ಬಿಣದ ಮೆಟ್ಟಿಲು ಮಾಡಿಸಿಕೊಂಡ. ತಾಯಿಗೆ ಶ್ವಾಸಕೋಶದ ಕಾಯಿಲೆ. ಮಂಚದ ಪಕ್ಕ ಆಕ್ಸಿಜನ್ ಮಷಿನ್ನು ಹಗಲೂ ರಾತ್ರಿ ಓಡಬೇಕು. ಕರೆಂಟ್ ಹೋದರೆ ಮನೆಯಲ್ಲಿರುವ ಸೊಸೆ ಹಿತ್ತಲಿಗೆ ಓಡಿ ಜನರೇಟರಿನ ಹಗ್ಗ ಎಳೆಯಬೇಕು. ಅದೂ ಆಗದಿದ್ದರೆ ಮೂಲೆಯಲ್ಲೊಂದು ಸಣ್ಣ ಸಿಲಿಂಡರ್, ಅದು ಹೆಚ್ಚು ಹೊತ್ತು ಬರುವುದಿಲ್ಲ. ಊಟ, ಔಷಧಿ, ಸ್ನಾನ, ಬಟ್ಟೆ ಎಲ್ಲವನ್ನೂ ಸೊಸೆಯರು ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದರು, ಅದರಲ್ಲಿ ಬೆರಳಿಟ್ಟು ತೋರಿಸುವಂಥ ಕೊರತೆಯಿರಲಿಲ್ಲ. ಆದರೆ ಗಂಡುಮಕ್ಕಳಿಬ್ಬರೂ ತಾಯಿಯ ಕೋಣೆಯೊಳಗೆ ಕಾಲಿಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಒಬ್ಬ ಒಳಗಿದ್ದಾಗ ಇನ್ನೊಬ್ಬ ಬಂದರೆ ಮುಖ ಎಲ್ಲಿಡುವುದು?

ಮೇಸ್ತ್ರಿ ಅಂಗಡಿಯಲ್ಲಿದ್ದ ಬಾಡಿಗೆಯ ಜನರೇಟರನ್ನು ಗಾಡಿಗೆ ಹೇರಿಕೊಂಡ. ಮೊದಲು ಮುದುಕಿಯ ಉಸಿರು, ಆಮೇಲೆ ಇವರ ನ್ಯಾಯ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಣಹಾಕುವ ತಂತಿ, ತುಕ್ಕು ಹಿಡಿದ ನೀರಿನ ಡ್ರಮ್ಮು, ಚಿಕ್ಕವನ ಕಬ್ಬಿಣದ ಮೆಟ್ಟಿಲು. ತಾಯಿಯ ಕೋಣೆಯ ಕಿಟಕಿ ಇತ್ತಲಾಗೇ ತೆರೆದುಕೊಳ್ಳುತ್ತದೆ. ಮೊದಲು ಜನರೇಟರ್ ಆ ಕಿಟಕಿಯ ಕೆಳಗಿನ ಚಪ್ಪಡಿಯ ಮೇಲಿತ್ತು. ಹೊಗೆ ಒಳಗೆ ನುಗ್ಗುತ್ತದೆಂದು ಅಣ್ಣತಮ್ಮಂದಿರು ಆಚೀಚೆ ಹಿಡಿದೆತ್ತಿ, ಹಿತ್ತಲ ಆ ತುದಿಗೆ, ಮೋರಿಯ ಹತ್ತಿರ ಸಾಗಿಸಿದ್ದರು. ಅಷ್ಟು ಭಾರದ ವಸ್ತುವನ್ನು ಇಬ್ಬರು ಒಂದು ಮಾತೂ ಆಡದೆ ಎತ್ತಿ ಇಟ್ಟದ್ದನ್ನು ಕಂಡು ಹಮಾಲರೇ ಬೆರಗಾಗಬೇಕು.

ಮೇಸ್ತ್ರಿ ಬಾಡಿಗೆಯದನ್ನು ಇಳಿಸಿ, ವೈರು ಸಿಕ್ಕಿಸಿ, ಒಮ್ಮೆ ಓಡಿಸಿ ನೋಡಿ, ಕರೆಂಟ್ ಬಂದಿದ್ದರಿಂದ ಆರಿಸಿದ. ಕಿಟಕಿಯ ಸರಳಿನ ಆಚೆಯಿಂದ ಅತ್ತೆಯ ದನಿ ಬಂತು.

"ಬಂದ್ಯಾಪ್ಪ?"

"ಬಂದೆ ಅತ್ತೆ. ಹೇಗಿದೀರಿ?"

"ಇದೀನಿ." ಎರಡು ಉಸಿರು ಎಳೆದುಕೊಂಡು ಆಕೆ ಮತ್ತೆ ಹೇಳಿದಳು, "ಹೊಸದು ಗಿಸದು ಬೇಡ ಅನ್ನು ಅವರಿಗೆ. ಹಳೇದನ್ನೇ ಸರಿ ಮಾಡು. ನಿನ್ನ ಕೈಲಿ ಆಗುತ್ತೆ."

"ನೋಡ್ತೀನಿ ಅತ್ತೆ. ಅದಕ್ಕೂ ವಯಸ್ಸಾಯ್ತು."

"ನನಗಿಂತಾನಾ?" ಅಂದಳು ಮುದುಕಿ.

ಅವನಿಗೆ ನಗು ಬಂತು, ನಗಲಿಲ್ಲ. ಮೊಣಕಾಲು ಹಿಡಿದುಕೊಂಡು, ಅಮ್ಮಾ ಎಂದು ನರಳುತ್ತಾ ಕೆಳಗೆ ಕೂತ. ಯಾರು ಎಣ್ಣೆ ಹಾಕಲಿ ಬಿಡಲಿ, ಮೊದಲು ಎಣ್ಣೆ ಎಷ್ಟಿದೆ ನೋಡೋಣವೆಂದು ಅಳೆಯುವ ಕಡ್ಡಿಯನ್ನು ತಿರುಗಿಸಿ ತೆಗೆದು, ಒರೆಸಿ, ಮತ್ತೆ ಇಳಿಸಿ ಎತ್ತಿದ. ತುದಿ ಮಾತ್ರ ಒದ್ದೆ. ಎಣ್ಣೆ ಕಡಿಮೆ. ಅಲ್ಲಿಗೆ ಭಾಮೈದರಿಬ್ಬರ ದೂರೂ ನಿಜವಾದಂತೆ ಕಂಡಿತು.

ಆದರೆ ಬೇರೆ ಗುರುತುಗಳು ಈ ಮಾತಿಗೆ ಒಪ್ಪಲಿಲ್ಲ. ಹೊಗೆ ಹೋಗುವ ಕೊಳವೆಯ ಬಾಯಿ ಜಿಡ್ಡುಗಟ್ಟಿ ಅಂಟುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಏರ್ ಫಿಲ್ಟರಿನ ಮುಚ್ಚಳ ತೆಗೆದರೆ ಒಳಗಿನ ಸ್ಪಂಜಿನಿಂದ ಎಣ್ಣೆ ತೊಟ್ಟಿಕ್ಕಿತು. ಎಣ್ಣೆಯಿಲ್ಲದೆ ಒಣಗಿ ಸತ್ತ ಇಂಜಿನ್ನುಗಳನ್ನು ಅವನು ಬೇಕಾದಷ್ಟು ನೋಡಿದ್ದ. ಅವುಗಳಿಂದ ಸುಟ್ಟ ವಾಸನೆ ಬರುತ್ತದೆ, ಒಳಗೆ ಕೆರೆದ ಗಾಯವಿರುತ್ತದೆ, ಕೆಲವು ಹಿಡಿದುಕೊಂಡು ಅಲ್ಲಾಡುವುದೇ ಇಲ್ಲ. ಇದು ಹಾಗಲ್ಲ. ಇದು ಹೊಟ್ಟೆ ಬಿರಿಯುವಷ್ಟು ತಿಂದು ವಾಂತಿ ಮಾಡಿಕೊಂಡ ಹಾಗಿತ್ತು. ಮತ್ತೆ ಕಡ್ಡಿ ಇಳಿಸಿ ನೋಡಿದ. ಕಡಿಮೆಯೇ.

"ಥೂ, ನೀನೂ ಈ ಮನೆಯವರ ಹಾಗೇ ಆದೆಯಾ? ಬಾಯಲ್ಲೊಂದು ಹೊಟ್ಟೇಲೊಂದು," ಎಂದು ಇಂಜಿನ್ನಿಗೆ ಬೈದ.

ಬೈದು ಮುಗಿಸಿ, ಕೆಳಗಿನ ನಟ್ಟು ಬಿಚ್ಚಿ ಎಣ್ಣೆ ಹೊರಬಿಟ್ಟ. ಬರುತ್ತಲೇ ಇತ್ತು. ಇಟ್ಟ ತಟ್ಟೆ ತುಂಬಿತು, ಇನ್ನೊಂದು ಡಬ್ಬಿ ತಂದಿಟ್ಟ, ಅದೂ ತುಂಬುತ್ತಾ ಬಂತು. ಇಂಜಿನ್ನು ಹಿಡಿಯಬೇಕಾದ್ದರ ಎರಡರಷ್ಟು ಎಣ್ಣೆ, ಕಪ್ಪಗೆ, ಮಂದವಾಗಿ, ಕಡಲೆಹಿಟ್ಟಿನ ನೊರೆಯಂಥ ಗುಳ್ಳೆಯೆದ್ದು. ಬೆರಳಿನಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಲೋಹದ ಸಣ್ಣ ಪುಡಿ ಮಿಂಚಿತು. ವರ್ಷಗಟ್ಟಲೆ ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ ಬಿದ್ದಿದೆಯೇ ಹೊರತು, ಹಳೆಯದನ್ನು ಯಾರೂ ಚೆಲ್ಲಿಲ್ಲ. ನೊರೆಯೆದ್ದ ಎಣ್ಣೆ ಜಾರಿಸುವುದಿಲ್ಲ, ಸವೆಸುತ್ತದೆ. ಅತಿಯಾದರೆ ಅಮೃತವೂ ವಿಷ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಸರಿ, ಎಣ್ಣೆ ಎರಡರಷ್ಟು. ಹಾಗಾದರೆ ಕಡ್ಡಿ ಕಡಿಮೆ ಎನ್ನುವುದು ಯಾಕೆ? ಅವನು ಸೋತು, ಕೈಯಲ್ಲಿದ್ದ ನಟ್ಟನ್ನು ನೆಲದ ಮೇಲಿಟ್ಟು ಬೆವರು ಒರೆಸಿಕೊಂಡ. ನಟ್ಟು ನಿಲ್ಲಲಿಲ್ಲ. ಮೆಲ್ಲಗೆ ಹೊರಳಿತು, ಆಮೇಲೆ ಜೋರಾಗಿ ಹೊರಳಿ, ಸೀದಾ ಹೋಗಿ ಮೋರಿಗೆ ಬಿತ್ತು.

ಮೇಸ್ತ್ರಿ ಬಾಯಿ ತೆರೆದುಕೊಂಡು ಕೂತ. ಒಗೆದ ನೀರು ಹರಿದು ಹೋಗಲೆಂದು ಹಿತ್ತಲ ಆ ತುದಿಯನ್ನು ಇಳಿಜಾರು ಮಾಡಿದ್ದರು. ಜನರೇಟರ್ ಆ ಇಳಿಜಾರಿನ ಮೇಲೆ ಓರೆಯಾಗಿ ಕೂತಿತ್ತು. ಕಡ್ಡಿಯ ಬದಿ ಮೇಲೆ, ಇನ್ನೊಂದು ಬದಿ ಕೆಳಗೆ. ಎಣ್ಣೆಯೆಲ್ಲ ತಗ್ಗಿನ ಕಡೆ ನಿಂತರೆ ಕಡ್ಡಿಗೆ ಏನು ಸಿಗುತ್ತದೆ? ತುಂಬಿ ತುಳುಕುತ್ತಿದ್ದರೂ ಅದು ಕಡಿಮೆ ಎಂದೇ ಹೇಳುತ್ತದೆ. ಯಾರು ಯಾವಾಗ ನೋಡಿದರೂ ಹಾಗೇ ಹೇಳುತ್ತದೆ.

ನೋಡಿದವರು ಯಾರು ಎಂಬುದೂ ಗೊತ್ತಾಗಲು ತಡವಾಗಲಿಲ್ಲ. ಡ್ರಮ್ಮಿನ ಹಿಂದೆ ಒಂದು ಎಣ್ಣೆ ಡಬ್ಬಿ ಇತ್ತು, ಅದರ ಮುಚ್ಚಳಕ್ಕೆ ಹೊಸ ಬಟ್ಟೆಯ ಕತ್ತರಿಸಿದ ಚೂರು ಸುತ್ತಿತ್ತು. ಅದು ಟೈಲರನದು. ಕಬ್ಬಿಣದ ಮೆಟ್ಟಿಲ ಕೆಳಗೆ ಇನ್ನೊಂದು ಡಬ್ಬಿ, ಅದರ ಪಕ್ಕ ವ್ಯಾನ್ ಒರೆಸುವ ಹಳೇ ಬನಿಯನ್ನು. ಅದು ಚಿಕ್ಕವನದು. ಇಬ್ಬರೂ ಬಚ್ಚಿಟ್ಟುಕೊಂಡಿದ್ದರು, ತನ್ನ ಎಣ್ಣೆಯನ್ನು ತೋರಿಸಿ ಅವನು ಹೆಸರು ತಗೊಂಡಾನು ಎಂದು. ಒಬ್ಬ ಬಂದು ನೋಡುವುದು, ಕಡಿಮೆಯಿದೆ, ಅಯ್ಯೋ ಅವನು ಹಾಕಿಲ್ಲ ಎಂದು ಬೈದುಕೊಂಡು ಸುರಿಯುವುದು. ಇನ್ನೊಬ್ಬ ಬಂದು ಅದನ್ನೇ ಮಾಡುವುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಕೂಸಿಗೆ ಅಜೀರ್ಣವಾಗಿತ್ತು.

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಕೈ ತೊಳೆದುಕೊಂಡು ಅತ್ತೆಯ ಕೋಣೆಗೆ ಹೋದ.

ಕೋಣೆಯಲ್ಲಿ ಎಲ್ಲವೂ ಜೋಡಿಯಾಗಿದ್ದವು. ಎರಡು ಫ್ಲಾಸ್ಕು, ಎರಡು ಟಾರ್ಚು, ಕಾಲ ಬಳಿ ಮಡಿಸಿಟ್ಟ ಎರಡು ಹೊದಿಕೆ. ಒಬ್ಬ ಸೊಸೆ ತಂದದ್ದನ್ನು ಇನ್ನೊಬ್ಬ ಸೊಸೆ ಬಿಟ್ಟುಕೊಡುವುದುಂಟೇ? ಮಷಿನ್ನು ಗುಯ್ಯೆನ್ನುತ್ತಿತ್ತು, ಅದರ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ಮುದುಕಿ ದಿಂಬಿಗೆ ಒರಗಿ ಕೂತಿದ್ದಳು, ಮೂಗಿಗೆ ಸಣ್ಣ ಕೊಳವೆ. ಮುಖ ಕಿಟಕಿಯ ಕಡೆ.

ಮೇಸ್ತ್ರಿ ಕುರ್ಚಿ ಎಳೆದುಕೊಂಡ. "ಅತ್ತೆ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಜನರೇಟರಿಗೆ ಎಣ್ಣೆ ಹಾಕೋದು ಯಾರು?"

"ಇಬ್ಬರೂ."

ಇಷ್ಟು ಸಲೀಸಾಗಿ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. "ನಿಮಗೆ ಗೊತ್ತಿತ್ತಾ?"

"ಕಿಟಕಿ ಪಕ್ಕ ಬಿದ್ದಿರೋಳು ನಾನು. ನನಗೆ ಗೊತ್ತಾಗ್ದೆ ಇರುತ್ತಾ?" ಮುದುಕಿ ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡಳು. "ದೊಡ್ಡೋನು ಬೆಳಗ್ಗೆ ಬರ್ತಾನೆ, ಅಂಗಡಿಗೆ ಹೋಗೋ ಮುಂಚೆ. ಕಡ್ಡಿ ತೆಗೀತಾನೆ, ಬೈಕೊಳ್ತಾನೆ, ಒಂದು ತೊಟ್ಟು ಸುರೀತಾನೆ. ಆಮೇಲೆ ಇಲ್ಲಿ ಕಿಟಕಿ ಹತ್ರ ನಿಂತು, ಎಣ್ಣೆ ಹಾಕಿದೀನಮ್ಮ ಅಂತಾನೆ. ನಿದ್ದೆ ಬಂತಾ ಅಂತಾನೆ. ಜಾಸ್ತಿ ಮಾತಿಲ್ಲ ಅವನದು, ಚಿಕ್ಕಂದಿನಿಂದಲೂ ಹಂಗೇ. ಆದ್ರೂ ನಿಂತ್ಕೊಳ್ತಾನೆ."

"ಚಿಕ್ಕೋನು?"

"ಅವನು ಸಂಜೆ. ವ್ಯಾನ್ ನಿಲ್ಲಿಸಿ ಬರ್ತಾನೆ. ಅವನೂ ಕಡ್ಡಿ ತೆಗೀತಾನೆ, ಅವನೂ ಬೈಕೊಳ್ತಾನೆ." ಮುದುಕಿಯ ಮುಖ ಅರಳಿತು. "ಅವನು ಬಂದ್ರೆ ಮಾತೋ ಮಾತು. ವ್ಯಾನಲ್ಲಿ ಯಾವ ಮಗು ಅತ್ತಿತು, ಯಾವುದು ಟಿಫನ್ ಡಬ್ಬಿ ಮರೆತು ಬಂತು, ಯಾವುದು ಇವನನ್ನ ಅಂಕಲ್ ಅನ್ನೋ ಬದಲು ಅಪ್ಪ ಅಂದ್ಬಿಡ್ತು, ಎಲ್ಲಾ ಹೇಳ್ತಾನೆ. ಈ ಸರಳು ಹಿಡ್ಕೊಂಡು ನಿಂತಿರ್ತಾನೆ, ಹೋಗೋಕೇ ಮನಸ್ಸಿರಲ್ಲ."

"ಅಲ್ಲ ಅತ್ತೆ, ದೊಡ್ಡೋನು ಬೆಳಗ್ಗೆನೇ ಹಾಕಿದಾನೆ ಕಣೋ ಅಂತ ಚಿಕ್ಕೋನಿಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅವನು ಮಾರನೇ ದಿನ ಬರ್ತಿದ್ನಾ?"

ಮೇಸ್ತ್ರಿಗೆ ಆಗ ಸಿಟ್ಟು ಬಂತು, ಇಷ್ಟು ಹೊತ್ತು ಬಾರದ್ದು ಒಟ್ಟಿಗೇ ಬಂತು.

"ನಿಮಗೇನು ಬುದ್ಧಿ ಗಿದ್ದಿ ಇದ್ಯಾ ಅತ್ತೆ? ಇಂಜಿನ್ನು ಹೊಟ್ಟೆ ತುಂಬಿ ಸಾಯ್ತಾ ಇತ್ತು. ಇವತ್ತು ಆ ಸಿಲಿಂಡರ್ ಇಲ್ದೇ ಇದ್ದಿದ್ರೆ? ಸೊಸೆ ಮನೇಲಿ ಇಲ್ದೇ ಇದ್ದಿದ್ರೆ? ನಿಮ್ಮ ಉಸಿರೇ ನಿಂತೋಗ್ತಿತ್ತಲ್ಲ!"

"ಗೊತ್ತು ಕಣಪ್ಪ." ಮುದುಕಿ ಅವನನ್ನು ನೋಡಲಿಲ್ಲ. "ಇವತ್ತು ಬೆಳಗ್ಗೆ ಹೆದರಿಕೆ ಆಯ್ತು. ಸುಳ್ಳು ಯಾಕೆ ಹೇಳ್ಲಿ? ಮೀನು ದಡಕ್ಕೆ ಬಿದ್ದಂಗೆ ಒದ್ದಾಡಿದೆ. ಸಾಯೋಕೆ ನಂಗೇನೂ ಆಸೆ ಇಲ್ಲ. ಆದ್ರೆ ಅದೇನೋ ತಾನಾಗೇ ಸ್ಟಾರ್ಟ್ ಆಗುತ್ತಂತಲ್ಲ, ಹೊಸದು. ಅದಕ್ಕೆ ಎಣ್ಣೆ ನೋಡೋದು ಬೇಡ್ವಂತೆ?"

"ಯಾವಾಗಲೋ ಒಂದ್ಸಲ ನೋಡಿದ್ರೆ ಸಾಕು. ಅದಕ್ಕೂ ಕಂಪನಿಯವನೇ ಬರ್ತಾನೆ."

"ನೋಡಿದ್ಯಾ?" ಎಂದಳು ಮುದುಕಿ. "ಕಂಪನಿಯವನು ಬಂದು ನನ್ನ ನಿದ್ದೆ ಬಂತಾ ಅಂತ ಕೇಳ್ತಾನಾ?"

ಅವಳ ಕಣ್ಣಲ್ಲಿ ನೀರಿತ್ತು. ಮೇಸ್ತ್ರಿ ತೊಳೆದರೂ ಹೋಗದ ಕೈಯ ಜಿಡ್ಡನ್ನೇ ನೋಡುತ್ತಾ ಕೂತ. ಗಂಡುಮಕ್ಕಳಿಬ್ಬರನ್ನೂ ಕರೆದು, ನಿಮ್ಮಮ್ಮನ ಹತ್ತಿರ ಬಂದು ನಿಲ್ಲಿರೋ ಎಂದು ಹೇಳಬಹುದು. ಹಿಂದೆ ಹೇಳಿಯೂ ಇದ್ದ. ಆಗಲಿ ಭಾವ ಅಂದಿದ್ದರು ಇಬ್ಬರೂ, ಆಮೇಲೆ ಆಗಿರಲಿಲ್ಲ. ಅಮ್ಮನನ್ನು ನೋಡಲು ಬರಬೇಕೆಂದರೆ ಅವರಿಗೆ ಏನೋ ಅಡ್ಡ ಬರುತ್ತಿತ್ತು, ಎಣ್ಣೆ ನೋಡಲು ಬರಬೇಕೆಂದರೆ ಏನೂ ಅಡ್ಡ ಬರುತ್ತಿರಲಿಲ್ಲ. ಗಂಡಸರ ಜಾತಿಯೇ ಹೀಗೆ, ತಾನೂ ಅದೇ ಜಾತಿ.

"ನಾನು ಹೇಳಿದೆ ಅಂತ ಅವರಿಗೆ ಹೇಳ್ಬೇಡ," ಅಂದಳು.

"ಹೇಳಲ್ಲ ಅತ್ತೆ."

ಸಂಜೆ ಇಬ್ಬರನ್ನೂ ಹಿತ್ತಲಿಗೆ ಕರೆಸಿದ. ದೊಡ್ಡವನು ಒಗೆಯುವ ಕಲ್ಲಿನ ಹತ್ತಿರ ನಿಂತ, ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಚಿಕ್ಕವನು ತನ್ನ ಮೆಟ್ಟಿಲ ಕಂಬಿಗೆ ಒರಗಿದ. ಎತ್ತು ಏರಿಗೆ, ಕೋಣ ನೀರಿಗೆ. ಮೇಸ್ತ್ರಿ ಇಳಿಜಾರು ತೋರಿಸಿದ, ಕಡ್ಡಿ ತೋರಿಸಿದ, ಡಬ್ಬಿಗಳೆರಡನ್ನೂ ತಂದು ನಡುವೆ ಇಟ್ಟ.

"ಇಬ್ಬರೂ ಹಾಕಿದೀರಿ. ಇಬ್ಬರೂ ತುಂಬಾ ಹಾಕಿದೀರಿ. ಇಂಜಿನ್ನು ಕೆಟ್ಟಿದ್ದು ಎಣ್ಣೆ ಇಲ್ಲದೆ ಅಲ್ಲ, ಜಾಸ್ತಿಯಾಗಿ."

ಈಗಲಾದರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ನಗುತ್ತಾರೆ, ಕತೆ ಮುಗಿಯುತ್ತದೆ ಎಂದುಕೊಂಡ ಮೇಸ್ತ್ರಿ. ಎಷ್ಟೇ ವಯಸ್ಸಾದರೂ ಮನುಷ್ಯನಿಗೆ ಇಂಥ ಆಸೆ ಹೋಗುವುದಿಲ್ಲ ನೋಡಿ.

"ಹಾಕ್ತಾ ಇದ್ರೆ ಹೇಳ್ಬೇಕಿತ್ತು ಅನ್ನಿ ಅವನಿಗೆ," ಅಂದ ದೊಡ್ಡವನು, ಮೇಸ್ತ್ರಿಯ ಕಡೆ ತಿರುಗಿ.

"ಕೇಳಿದ್ರೆ ಹೇಳ್ತಿದ್ದೆ ಅನ್ನಿ ಭಾವ," ಅಂದ ಚಿಕ್ಕವನು, ಅವನೂ ಮೇಸ್ತ್ರಿಯ ಕಡೆಗೇ.

"ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ?" ಮೇಸ್ತ್ರಿ ಕೂಗಿಬಿಟ್ಟ. "ಇಲ್ಲೇ ಇದಾನಲ್ಲ, ಕಣ್ಣು ಕಾಣಲ್ವಾ? ಹೇಳ್ಕೊಳ್ಳಿ!"

ಹೇಳಿಕೊಳ್ಳಲಿಲ್ಲ. ಬದಲಿಗೆ ಒಂದು ವಿಷಯದಲ್ಲಿ ಒಪ್ಪಿಗೆಯಾಯಿತು, ಅದೂ ಮೇಸ್ತ್ರಿಯ ಮೂಲಕವೇ. ಇಷ್ಟೆಲ್ಲ ರಗಳೆಯೇ ಬೇಡ, ಹೊಸದನ್ನು ತಂದುಬಿಡೋಣ, ಯಾರೂ ಏನೂ ಹಾಕುವುದು ಬೇಡ, ನೋಡುವುದು ಬೇಡ. ಕಿಟಕಿಯ ಆಚೆ ಮಷಿನ್ನಿನ ಗುಯ್ ಸದ್ದು ಮಾತ್ರ ಇತ್ತು. ಮುದುಕಿ ಕಿವಿಗೊಟ್ಟು ಕೇಳುತ್ತಿದ್ದಾಳೆಂದು ಮೇಸ್ತ್ರಿಗೆ ಗೊತ್ತಿತ್ತು.

"ಆತುರ ಬೇಡ," ಅಂದ. "ನಾನು ಅಂಗಡಿಗೆ ತಗೊಂಡು ಹೋಗಿ ಬಿಚ್ಚಿ ನೋಡ್ತೀನಿ. ಅಲ್ಲೀವರೆಗೆ ಬಾಡಿಗೆಯದು ಇಲ್ಲೇ ಇರುತ್ತೆ. ಇದು ಪೂರ್ತಿ ಹೋಗಿದ್ರೆ ನಾನೇ ಹೇಳ್ತೀನಿ, ಆಮೇಲೆ ತನ್ನಿ."

ಅಂಗಡಿಯಲ್ಲಿ ಇಂಜಿನ್ನನ್ನು ಮಟ್ಟಸವಾದ ಮೇಜಿನ ಮೇಲಿಟ್ಟು, ಒಳಗೆಲ್ಲ ತೊಳೆದು, ಸರಿಯಾದ ಅಳತೆಯ ಎಣ್ಣೆ ಹಾಕಿ ಓಡಿಸಿದ. ಕಿವಿಗೊಟ್ಟ. ದಟ್ಟ ಹೊಗೆ ಹೋಗಿತ್ತು, ಆದರೆ ಹೀಟರು ಜೋಡಿಸಿ ಭಾರ ಹಾಕಿದಾಗ ನೀಲಿಯ ಎಳೆಯೊಂದು ಉಳಿದುಕೊಂಡಿತ್ತು. ಒಳಗೆ ಎಲ್ಲೋ ಎಣ್ಣೆ ನುಸುಳಿ ಸುಡುತ್ತಿದೆ. ಆರಿಸಿ, ಹಗ್ಗವನ್ನು ನಿಧಾನವಾಗಿ ಎಳೆದ. ಕೈಗೆ ಎದುರು ಒತ್ತು ಸಿಗಬೇಕು, ಸಿಗಲಿಲ್ಲ, ಸಡಿಲವಾಗಿ ಬಂತು. ಪ್ಲಗ್ ತೆಗೆದು ಆ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು, ಮತ್ತೆ ಹಾಕಿ ಎಳೆದ. ಈ ಸಲ ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗಿತು. ಅಲ್ಲಿಗೆ ತೀರ್ಮಾನ. ಇಂಜಿನ್ನಿನ ವಾಲ್ವ್ ಕೆಟ್ಟಿದ್ದರೆ ಆ ಚಮಚ ಎಣ್ಣೆಯಿಂದ ಏನೂ ಬದಲಾಗುತ್ತಿರಲಿಲ್ಲ. ಸವೆದಿರುವುದು ಪಿಸ್ಟನ್ನಿನ ರಿಂಗು, ಎಣ್ಣೆ ಆ ಸಂದು ಮುಚ್ಚಿದ್ದಕ್ಕೆ ಒತ್ತಡ ಬಂತು.

ಬಿಚ್ಚಿ ನೋಡಿದರೆ ಅದೇ ನಿಜ. ರಿಂಗುಗಳು ತೆಳ್ಳಗಾಗಿ ಬಿರುಸು ಕಳೆದುಕೊಂಡಿದ್ದವು. ಪಿಸ್ಟನ್ ಓಡಾಡುವ ಬೋರಿನ ಗೋಡೆಯಲ್ಲಿ ಆಳವಾದ ಗಾಯವಿರಲಿಲ್ಲ, ಉಗುರಿಗೆ ಏನೂ ತಡೆಯಲಿಲ್ಲ. ಅದೃಷ್ಟ. ಹೊಸ ರಿಂಗು ಹುಡುಕಲು ಊರೆಲ್ಲ ಅಲೆಯಬೇಕಾಯಿತು, ಅಷ್ಟು ಹಳೆಯ ಇಂಜಿನ್ನು ಅದು. ಅಂಗಡಿಯವರು ಮುಖ ನೋಡಿ, ಇನ್ನೂ ಇದನ್ನ ಇಟ್ಕೊಂಡಿದೀರಾ ಎಂದು ನಕ್ಕರು. ಮೊಣಕಾಲು ಎಳೆದುಕೊಂಡು ಓಡಾಡಿ ಕೊನೆಗೂ ತಂದ. ಬೋರನ್ನು ಹದವಾಗಿ ಉಜ್ಜಿ, ವಾಲ್ವುಗಳನ್ನು ಕೂರಿಸಿ, ಸೋರುತ್ತಿದ್ದ ಸೀಲು ಬದಲಿಸಿ, ಪ್ರತಿ ನಟ್ಟನ್ನೂ ಒರೆಸಿ ಬಿಗಿದ. ಇಷ್ಟು ಮನಸ್ಸಿಟ್ಟು ಅವನು ಕೆಲಸ ಮಾಡಿ ಬಹಳ ಕಾಲವಾಗಿತ್ತು. ಮೊದಲ ಎಳೆತಕ್ಕೇ ಹಿಡಿಯಿತು. ಹೊಗೆಯಿಲ್ಲ, ಕುಟ್ಟುವ ಸದ್ದಿಲ್ಲ. ಅರ್ಧ ದಿನ ಭಾರ ಕೊಟ್ಟು ಓಡಿಸಿ ಕಡ್ಡಿ ನೋಡಿದರೆ ಎಣ್ಣೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಇದರ ಪಾಡಿಗೆ ಇದನ್ನು ಬಿಟ್ಟರೂ ಆದೀತು, ತಿಂಗಳಿಗೊಮ್ಮೆ ನೋಡಿದರೆ ಧಾರಾಳ.

ಸಂತೋಷಪಡಬೇಕಾದ ಹೊತ್ತು. ಅವನು ಕಡ್ಡಿ ಒರೆಸಿ ಮತ್ತೊಮ್ಮೆ ಇಳಿಸಿ ನೋಡಿದ. ಇಷ್ಟು ಚೆನ್ನಾಗಿ ಆಗಬಾರದಿತ್ತು.

ಮರಳಿ ತಂದ ದಿನ ಅದನ್ನು ಇಳಿಜಾರಿನ ಮೇಲೆ ಇಡಲಿಲ್ಲ. ಡ್ರಮ್ಮನ್ನು ಸರಿಸಿ, ಕಲ್ಲು ಕಟ್ಟಿ, ಮಟ್ಟಗೋಲಿಟ್ಟು ನೋಡಿ, ಸಮತಟ್ಟಾದ ಕಟ್ಟೆಯ ಮೇಲೆ ಕೂರಿಸಿದ. ಹೊಗೆ ಗೋಡೆಯಾಚೆ ಹೋಗಲು ಉದ್ದದ ಕೊಳವೆ ಜೋಡಿಸಿದ. ಕಟ್ಟೆ ಮೋರಿಯ ಬಳಿಯ ಆ ಜಾಗಕ್ಕಿಂತ ಕಿಟಕಿಗೆ ಹತ್ತಿರವಿತ್ತು. ಇಬ್ಬರೂ ಬಂದು ತಮ್ಮ ತಮ್ಮ ಜಾಗಗಳಲ್ಲಿ ನಿಂತರು. ಮೇಸ್ತ್ರಿ ಹಗ್ಗ ಎಳೆದ. ಇಂಜಿನ್ನು ಒಂದೇ ಸಲಕ್ಕೆ ಹಿಡಿದು, ಸಮನಾಗಿ ಓಡತೊಡಗಿತು.

"ಅಬ್ಬಾ, ಹೊಸದು ಇದ್ದಂಗಿದೆ!" ಚಿಕ್ಕವನ ಬಾಯಿಂದ ತಾನಾಗೇ ಬಂತು. "ಇನ್ನು ಇದರ ಗೊಡವೆ ಇಲ್ಲ ಅನ್ನಿ ಭಾವ. ಎಣ್ಣೆ ಗಿಣ್ಣೆ ನೋಡೋದು ತಪ್ಪಿತು."

ದೊಡ್ಡವನೂ ತಲೆಯಾಡಿಸಿದ. ಮೇಸ್ತ್ರಿ ಇಂಜಿನ್ನು ಆರಿಸಿದ. ಕಿಟಕಿಯ ಕಡೆ ನೋಡಬಾರದೆಂದುಕೊಂಡರೂ ಕಣ್ಣು ಹೋಯಿತು. ಸರಳಿನ ಹಿಂದೆ ಮುದುಕಿಯ ಮುಖ, ಮೂಗಿನ ಕೊಳವೆ. ಸೋತವರು ನೋಡುವ ಹಾಗೆ ಸುಮ್ಮನೆ ನೋಡುತ್ತಿದ್ದಳು.

"ತಪ್ಪೋದೆಲ್ಲಿ ಬಂತು?" ಅಂದ ಮೇಸ್ತ್ರಿ. "ಒಳಗೆ ಸವೆದಿದೆ. ನನ್ನ ಕೈಲಾದಷ್ಟು ಮಾಡಿದೀನಿ. ಆದ್ರೆ ಯಾವಾಗ ಎಣ್ಣೆ ಕುಡಿಯೋಕೆ ಶುರು ಮಾಡುತ್ತೋ ಹೇಳೋಕಾಗಲ್ಲ. ಅಮ್ಮ ಹೊಸದು ಬೇಡ ಅಂತಾರೆ, ಹಾಗಾಗಿ ಇದನ್ನೇ ದಿನಾ ನೋಡ್ಲೇಬೇಕು. ಎರಡು ಹೊತ್ತೂ."

"ಎರಡು ಹೊತ್ತಾ?" ಅಂದ ಚಿಕ್ಕವನು.

"ಎರಡು ಹೊತ್ತು. ಬೆಳಗ್ಗೆ ದೊಡ್ಡೋನು, ಸಂಜೆ ಚಿಕ್ಕೋನು. ನೋಡ್ಬೇಕು ಅಷ್ಟೇ, ಹಾಕ್ಬಾರ್ದು. ಎಷ್ಟಿದೆ ಅಂತ ಅಮ್ಮನಿಗೆ ಹೇಳ್ಬೇಕು. ಬೆಳಗ್ಗೆ ಎಷ್ಟಿತ್ತು ಅಂತ ಸಂಜೆ ಬಂದೋನು ಅಮ್ಮನ್ನೇ ಕೇಳ್ಬೇಕು. ಇಳಿದಿದ್ರೆ ನನಗೆ ಫೋನ್ ಮಾಡಿ, ನಾನು ಬಂದು ಹಾಕ್ತೀನಿ. ನೀವು ಒಬ್ಬರನ್ನೊಬ್ಬರು ಮಾತಾಡ್ಸೋ ಹಾಗಿಲ್ವಲ್ಲ, ಇನ್ನೇನು ಮಾಡೋದು?"

ದೊಡ್ಡವನು ಕತ್ತಿನ ಟೇಪನ್ನು ಎಳೆದು ಸರಿ ಮಾಡಿಕೊಂಡ. ಚಿಕ್ಕವನಿಗೆ ಮಾತ್ರ ತಡೆಯಲಾಗಲಿಲ್ಲ, ಅವನ ಬಾಯಿಗೆ ಬ್ರೇಕಿಲ್ಲ.

"ಇಷ್ಟು ದಿನ ಇಟ್ಕೊಂಡು, ಇಷ್ಟು ಸದ್ದು ಮಾಡಿ, ಕೊನೆಗೆ ಎರಡು ಹೊತ್ತು ಕಾಯ್ಬೇಕು ಅಂತೀರಲ್ಲ ಭಾವ. ಇಷ್ಟೇನಾ ನಿಮ್ಮ ರಿಪೇರಿ?"

ಅಂಥ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಸ್ಪ್ಯಾನರ್ ಹಾರುತ್ತಿತ್ತು. ಮೇಸ್ತ್ರಿಯ ಕಿವಿಯವರೆಗೂ ರಕ್ತ ಏರಿತು. ಸಾಮಾನು ಚೀಲಕ್ಕೆ ಒಂದೊಂದಾಗಿ ತುಂಬಿದ, ಮೊಣಕಾಲು ಹಿಡಿದು ಎದ್ದ.

"ಇಷ್ಟೇ ಕಣೋ," ಅಂದ. "ವಯಸ್ಸಾಯ್ತು ನನಗೆ. ಮೊದಲಿನ ಹಾಗೆ ಕೈ ಓಡಲ್ಲ."

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮುಖ ಚಿಕ್ಕದು ಮಾಡಿಕೊಂಡು ಬಡಿಸಿದಳು. ಏನು ಅಂದರೆ ಏನಿಲ್ಲ ಅಂದಳು. ಇನ್ನೊಮ್ಮೆ ಕೇಳಿದ್ದಕ್ಕೆ ಪಾತ್ರೆ ಕೆಳಗಿಟ್ಟಳು.

"ರೀ, ಚಿಕ್ಕೋನು ಫೋನ್ ಮಾಡಿದ್ದ. ಸಂಜೆ ಎಣ್ಣೆ ನೋಡೋಕೆ ಹೋದೋನು ಅಮ್ಮನ ಹತ್ರ ಮಾತಾಡ್ತಾ ಕತ್ತಲಾಗೋವರೆಗೂ ಅಲ್ಲೇ ನಿಂತಿದ್ನಂತೆ. ಅದಿರ್ಲಿ. ಭಾವನಿಗೆ ಇನ್ನು ಕೆಲಸ ಕೊಡೋದು ಕಷ್ಟ ಕಣಕ್ಕ ಅಂದ. ನನಗೆ ಹೊಟ್ಟೆ ಉರಿದೋಯ್ತು. ನಿಜ ಹೇಳಿ, ಆ ಇಂಜಿನ್ನು ಅಷ್ಟು ಕೆಟ್ಟೋಗಿದ್ಯಾ?"

ಮೇಸ್ತ್ರಿ ತುತ್ತು ನುಂಗಿ, ನೀರು ಕುಡಿದ.

"ಹೊಸದಕ್ಕಿಂತ ಚೆನ್ನಾಗಿದೆ ಕಣೇ," ಅಂದ. "ಯಾರಿಗೂ ಹೇಳ್ಬೇಡ."